ಜೀವಕೋಶ ಹಪ್ಪಳವಲ್ಲ



ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ನೀವು ಎರೆಮಣ್ಣು ತಂದು, ಕಲಸಿ, ಎತ್ತು ಮಾಡುತ್ತೀರಿ. ನಾಲ್ಕು ಕಾಲು ನಿಲ್ಲಿಸಿ, ಬೆನ್ನ ಮೇಲೆ ಡುಬ್ಬ ಇಟ್ಟು, ಕೋಡು ಮೂಡಿಸಿ, ಕಣ್ಣಿಗೆ ಜೋಳದ ಕಾಳು ಒತ್ತಿ, ಮುಂದೆ ಒಂದು ಗೋದಲಿಯನ್ನೂ ಮಾಡಿ ಇಡುತ್ತೀರಿ. ಮುಂದಿನಿಂದ ನೋಡಿದರೂ ಎತ್ತು, ಹಿಂದಿನಿಂದ ನೋಡಿದರೂ ಎತ್ತು. ಯಾರೂ ಎತ್ತನ್ನು ಹಪ್ಪಳದ ಹಾಗೆ ತಟ್ಟಿ ಇಡುವುದಿಲ್ಲ.

ಇಂಥ ಜಾಣ ಕೈಗಳಿಗೆ ಒಮ್ಮೆ ನಾನು ಬೇರೆ ಕೆಲಸ ಕೊಟ್ಟೆ. ನಿಮ್ಮ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ, 7ನೆಯ ತರಗತಿಯವರ ಮುಂದೆ ಹದವಾಗಿ ಕಲಸಿದ ಮಣ್ಣನ್ನಿಟ್ಟು, "ಇದರಲ್ಲಿ ಒಂದು ಜೀವಕೋಶ ಮಾಡಿ ತೋರಿಸಿ" ಎಂದೆ. ಒಂದಿಬ್ಬರನ್ನು ಬಿಟ್ಟು ಉಳಿದವರೆಲ್ಲ ಮಾಡಿದ್ದು ಒಂದೇ. ಮಣ್ಣನ್ನು ರೊಟ್ಟಿಯಂತೆ ದುಂಡಗೆ ಬಡಿದರು. ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ, ಅಲ್ಲಿ ಒಂದು ಕಾಳು ಇಟ್ಟರು. "ಇದು ಕೋಶಕೇಂದ್ರ ಸರ್" ಎಂದರು.

ಅದು ಮಕ್ಕಳ ತಪ್ಪಲ್ಲ. ಪುಸ್ತಕದಲ್ಲಿ ಇರುವುದು ಹಾಗೆಯೇ. ಗೋಡೆಯ ಮೇಲೆ ತೂಗುಹಾಕಿದ ಚಿತ್ರಪಟದಲ್ಲಿ ಇರುವುದೂ ಹಾಗೆಯೇ. ಕಾಗದ ಚಪ್ಪಟೆ, ಆದ್ದರಿಂದ ಚಿತ್ರ ಚಪ್ಪಟೆ, ಆದ್ದರಿಂದ ನಮ್ಮ ತಲೆಯೊಳಗಿನ ಜೀವಕೋಶವೂ ಚಪ್ಪಟೆ. ಆದರೆ ನಿಜವಾದ ಜೀವಕೋಶಕ್ಕೆ ಉದ್ದ, ಅಗಲ ಇರುವ ಹಾಗೆ ದಪ್ಪವೂ ಇದೆ. ಇನ್ನೂ ಮುಖ್ಯವಾಗಿ, ಅದಕ್ಕೆ ಜೀವ ಇದೆ. ಅದು ಸುಮ್ಮನೆ ಕೂಡುವುದಿಲ್ಲ. ಒಡೆದು ಎರಡಾಗುತ್ತದೆ, ಜಾಗ ಬದಲಿಸುತ್ತದೆ, ಕೆಲವೊಮ್ಮೆ ತಾನಾಗಿ ಸಾಯುತ್ತದೆ. ಶಾಲೆಯಲ್ಲಿ ನಾವು ಸತ್ತ, ಚಪ್ಪಟೆಯಾದ ವಸ್ತುವನ್ನು ಮೊದಲು ತೋರಿಸಿ, ಇದೇ ಜೀವವಿಜ್ಞಾನ ಎಂದು ಹೇಳುತ್ತಿದ್ದೇವೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಶಾಲೆಗಳಲ್ಲಿ ಓದುವ ನೀವು ಜೀವಿಯನ್ನು ಮೊದಲು ಜೀವಂತವಾಗಿ, ಅದರ ದಪ್ಪದ ಸಮೇತ ನೋಡಬೇಕು. ಚಿತ್ರಪಟ ಆಮೇಲೆ ಬರಲಿ.

ಇಬ್ಬರು ನೋಡುಗರು

ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬವರು 1665ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಬೆಂಡನ್ನು, ಅಂದರೆ ಬಾಟಲಿಯ ಬಿರಡೆ ಮಾಡುವ ಮರದ ತೊಗಟೆಯನ್ನು, ತೆಳ್ಳಗೆ ಹೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೇನುಹುಟ್ಟಿನ ಹಾಗೆ ಸಾಲು ಸಾಲು ಕೋಣೆಗಳು ಕಂಡವು ಎಂದು ಅದರಲ್ಲಿ ಬರೆದರು. ಆ ಕೋಣೆಗಳಿಗೆ 'ಸೆಲ್' ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಆದರೆ ಅವು ಖಾಲಿ ಕೋಣೆಗಳು. ಒಳಗಿನ ಜೀವ ಹೋಗಿ ಗೋಡೆ ಮಾತ್ರ ಉಳಿದಿತ್ತು.

ಅದೇ ಕಾಲದಲ್ಲಿ ಹಾಲೆಂಡಿನಲ್ಲಿ ಆಂಟನಿ ವಾನ್ ಲೀವೆನ್‌ಹಾಕ್ ಎಂಬ ಬಟ್ಟೆ ವ್ಯಾಪಾರಿ ಇದ್ದರು. ಅವರು ಯಾವ ದೊಡ್ಡ ವಿದ್ಯಾಲಯಕ್ಕೂ ಹೋದವರಲ್ಲ. ತಾವೇ ಪುಟ್ಟ ಮಸೂರಗಳನ್ನು ತಯಾರಿಸಿಕೊಂಡು ಕೆರೆಯ ನೀರು, ಮಳೆಯ ನೀರು, ಹಲ್ಲಿನ ಕೊಳೆ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ನೋಡಿದರು. ಅವರಿಗೆ ಕಂಡದ್ದು ಓಡಾಡುವ, ತಿರುಗುವ, ಒಂದರ ಮೇಲೊಂದು ಹಾಯುವ ಜೀವಿಗಳು.

ಹೀಗೆ ಆರಂಭದಿಂದಲೂ ಎರಡು ದಾರಿ. ಹೆರೆದು ನೋಡುವುದು ಒಂದು, ಬದುಕಿರುವಂತೆಯೇ ನೋಡುವುದು ಇನ್ನೊಂದು. ಹೆರೆದು ನೋಡುವುದರಿಂದಲೂ ವಿಜ್ಞಾನಕ್ಕೆ ಬಹಳ ಲಾಭವಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಉಳ್ಳಾಗಡ್ಡಿಯ ತೆಳು ಪೊರೆಯನ್ನು ಬಿಡಿಸಿ, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲಿಟ್ಟು ನೋಡುವ ಪ್ರಯೋಗ ನಿಮಗೂ ಗೊತ್ತಿದೆ. ಅದು ಇಟ್ಟಿಗೆ ಗೋಡೆಯಂತೆ ಅಂದವಾಗಿ ಕಾಣುತ್ತದೆ. ಆದರೆ ಅಲ್ಲಿ ಒಂದೇ ಪದರ ಇರುತ್ತದೆ ಎಂಬುದನ್ನು ಮರೆಯಬೇಡಿ. ಒಂದು ಪದರ ನೋಡಿ ಇಡೀ ಗಡ್ಡೆ ಹೇಗಿದೆ ಎಂದು ಹೇಳಲಾಗುವುದೇ?

ಹನಿಯೊಳಗೆ ಇಳಿಯುವುದು

ವಿಜಯಪುರದ ತಾಜ್ ಬಾವಡಿಯಂಥ ಮೆಟ್ಟಿಲ ಬಾವಿಗಳನ್ನು ನೀವು ನೋಡಿರಬಹುದು. ದಡದಲ್ಲಿ ನಿಂತರೆ ಕಾಣುವುದು ಮೇಲಿನ ನೀರು ಮಾತ್ರ. ಮೆಟ್ಟಿಲು ಇಳಿದಂತೆಲ್ಲ ಗೋಡೆ, ಕಮಾನು, ಗೂಡುಗಳು ಒಂದೊಂದಾಗಿ ಎದುರಾಗುತ್ತವೆ. ಸೂಕ್ಷ್ಮದರ್ಶಕದ ಪಕ್ಕದಲ್ಲಿ ಒಂದು ತಿರುಪು ಇರುತ್ತದಲ್ಲ, ಅದು ಇಂಥ ಮೆಟ್ಟಿಲು. ತಿರುಪನ್ನು ತುಸುವೇ ತಿರುಗಿಸಿದರೆ ಜೀವಿಯ ಮೇಲ್ಮೈ ಸ್ಪಷ್ಟವಾಗುತ್ತದೆ. ಇನ್ನೂ ತುಸು ತಿರುಗಿಸಿದರೆ ಮೇಲ್ಮೈ ಮಸುಕಾಗಿ ಒಳಗಿನ ಕರುಳು ಸ್ಪಷ್ಟವಾಗುತ್ತದೆ. ಮತ್ತೂ ತಿರುಗಿಸಿದರೆ ಆಚೆ ಬದಿಯ ಕಾಲುಗಳು ಕಾಣುತ್ತವೆ. ನಮ್ಮ ಎಷ್ಟೋ ತರಗತಿಗಳಲ್ಲಿ ತಿರುಪನ್ನು ಶಿಕ್ಷಕರು ಸರಿಮಾಡಿ ಇಟ್ಟುಬಿಡುತ್ತಾರೆ. "ಮುಟ್ಟಬೇಡಿ, ಕಣ್ಣಿಟ್ಟು ನೋಡಿ, ಮುಂದೆ ನಡೆಯಿರಿ" ಎನ್ನುತ್ತಾರೆ. ಸಾಲು ಉದ್ದ ಇರುತ್ತದೆ, ಅವರ ಕಷ್ಟವೂ ನನಗೆ ಗೊತ್ತು. ಆದರೆ ತಿರುಪು ಮುಟ್ಟದವರಿಗೆ ಬಾವಿಯ ದಡ ಮಾತ್ರ ಕಾಣುತ್ತದೆ.

ಇಲ್ಲಿ ಒಂದು ತೊಂದರೆ ಇದೆ. ಈಗಲೇ ಮಾಡಿ ನೋಡಿ. ಒಂದು ಬೆರಳನ್ನು ಮೂಗಿನ ಮುಂದೆ ಹಿಡಿದು, ಕಿಟಕಿಯ ಆಚೆಯ ಬೇವಿನ ಮರವನ್ನು ದಿಟ್ಟಿಸಿ. ಬೆರಳು ಮಸುಕು. ಈಗ ಬೆರಳನ್ನೇ ದಿಟ್ಟಿಸಿ. ಮರ ಮಸುಕು. ಸೂಕ್ಷ್ಮದರ್ಶಕದಲ್ಲೂ ಹೀಗೆಯೇ. ಒಂದು ಪದರ ಸ್ಪಷ್ಟವಾದಾಗ ಅದರ ಮೇಲಿನ, ಕೆಳಗಿನ ಪದರಗಳ ಮಸುಕು ಬೆಳಕೆಲ್ಲ ಅದರ ಮೇಲೆ ಬಂದು ಬೀಳುತ್ತದೆ. ಮಂಜು ಕವಿದ ಹಾಗೆ ಆಗುತ್ತದೆ. ಜೀವಿ ದಪ್ಪವಾದಷ್ಟೂ ಈ ಮಂಜು ಹೆಚ್ಚು.

ಇದಕ್ಕೆ ಪರಿಹಾರವೇನು? ಹೆರೆದುಬಿಡುವುದು ಸುಲಭದ ಪರಿಹಾರ. ಆದರೆ ಹೆರೆದರೆ ಜೀವಿ ಸಾಯುತ್ತದೆ. ಚಾಕು ಇಲ್ಲದೆ ಹೆರೆಯಲು ಬರುವುದೇ? ಬರುತ್ತದೆ! ಬೆಳಕಿನಿಂದ ಹೆರೆಯಬಹುದು.

ಬೆಳಕಿಂಡಿಯ ಗುಟ್ಟು

ನಿಮ್ಮೂರಿನ ಹಳೆಯ ಮಾಳಿಗೆ ಮನೆಗಳ ಮೇಲ್ಛಾವಣಿಯಲ್ಲಿ ಬೆಳಕಿಂಡಿ ಇರುತ್ತದೆ. ಮಧ್ಯಾಹ್ನ ಅದರೊಳಗಿಂದ ಬಿಸಿಲುಕೋಲು ಇಳಿದಾಗ ಏನು ಕಾಣುತ್ತದೆ? ಬಿಸಿಲಿನ ದಾರಿಯಲ್ಲಿ ಸಾವಿರಾರು ಧೂಳಿನ ಕಣಗಳು ಮಿನುಗುತ್ತ ತೇಲುತ್ತವೆ. ಧೂಳು ಕೋಣೆಯ ತುಂಬ ಇದೆ. ಆದರೆ ಬೆಳಕು ಬಿದ್ದ ಕಡೆ ಮಾತ್ರ ಕಾಣುತ್ತದೆ. ಅದೂ ನೀವು ಪಕ್ಕದಲ್ಲಿ ನಿಂತು ನೋಡಿದಾಗ ಚೆನ್ನಾಗಿ ಕಾಣುತ್ತದೆ.

ಇದೇ ಉಪಾಯವನ್ನು 1903ರಲ್ಲಿ ಜರ್ಮನಿಯಲ್ಲಿ ಸೀಡೆನ್‌ಟಾಫ್ ಮತ್ತು ಜಿಗ್‌ಮಂಡಿ ಎಂಬಿಬ್ಬರು ಸೂಕ್ಷ್ಮದರ್ಶಕಕ್ಕೆ ತಂದರು. ಅವರು ನೋಡಬೇಕೆಂದದ್ದು ಜೀವಿಗಳನ್ನಲ್ಲ, ಕೆಂಪು ಗಾಜಿನೊಳಗೆ ಬೆರೆತಿರುವ ಚಿನ್ನದ ಅತಿ ಸಣ್ಣ ಕಣಗಳನ್ನು. ಬೆಳಕನ್ನು ಕೆಳಗಿನಿಂದ ಹಾಯಿಸುವ ಬದಲು ಪಕ್ಕದಿಂದ ಹಾಯಿಸಿದರು. ಕಣಗಳು ಬೆಳಕಿಂಡಿಯ ಧೂಳಿನಂತೆ ಮಿನುಗಿದವು. ಜಿಗ್‌ಮಂಡಿಯವರಿಗೆ 1925ನೆಯ ವರ್ಷದ ನೊಬೆಲ್ ಬಹುಮಾನ ಸಿಕ್ಕಿತು.

ಆಮೇಲೆ ಸುಮಾರು 100 ವರ್ಷ ಆ ಉಪಾಯ ಮೂಲೆ ಸೇರಿದಂತೆಯೇ ಇತ್ತು. 2004ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಪ್ರಯೋಗಾಲಯದಲ್ಲಿ ಯಾನ್ ಹೌಸ್ಕೆನ್, ಅರ್ನ್‌ಸ್ಟ್ ಸ್ಟೆಲ್ಜರ್ ಮತ್ತು ಅವರ ಜೊತೆಗಾರರು ಅದನ್ನು ಜೀವಂತ ಭ್ರೂಣಗಳನ್ನು ನೋಡಲು ಬಳಸಿದರು. ಭ್ರೂಣ ಎಂದರೆ ಮೊಟ್ಟೆಯೊಳಗೆ ಇನ್ನೂ ಬೆಳೆಯುತ್ತಿರುವ ಮರಿ. ಅವರ ಉಪಕರಣ ಹೇಗಿದೆ ಎಂದು ಕೇಳಿ. ಲೋಳೆಯಂತೆ ಹೆಪ್ಪುಗಟ್ಟುವ ಒಂದು ಪದಾರ್ಥದಲ್ಲಿ ಭ್ರೂಣವನ್ನು ಹುದುಗಿಸಿ, ನೀರು ತುಂಬಿದ ಪುಟ್ಟ ಗಾಜಿನ ತೊಟ್ಟಿಯಲ್ಲಿ ತೂಗುಬಿಡುತ್ತಾರೆ. ಪಕ್ಕದಿಂದ ಬೆಳಕನ್ನು ಹಾಯಿಸುತ್ತಾರೆ. ಆ ಬೆಳಕು ಕೋಲಿನಂತೆ ದುಂಡಗೆ ಇರುವುದಿಲ್ಲ, ಕಾಗದದ ಹಾಳೆಯಂತೆ ತೆಳ್ಳಗೆ ಹರಡಿರುತ್ತದೆ. ಅದರ ದಪ್ಪ ನಿಮ್ಮ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ. ಈ ಬೆಳಕಿನ ಹಾಳೆ ಭ್ರೂಣದ ಒಂದು ಪದರವನ್ನು ಮಾತ್ರ ಬೆಳಗುತ್ತದೆ. ಮೇಲಿನದೂ ಕತ್ತಲು, ಕೆಳಗಿನದೂ ಕತ್ತಲು. ಹಾಗಾಗಿ ಮಂಜಿನ ಮಾತೇ ಇಲ್ಲ. ಹಾಳೆಗೆ ಲಂಬವಾಗಿ ಇಟ್ಟ ಕ್ಯಾಮೆರಾ ಆ ಪದರದ ಚಿತ್ರ ತೆಗೆಯುತ್ತದೆ. ಭ್ರೂಣವನ್ನು ಕೂದಲೆಳೆಗಿಂತ ಕಡಿಮೆ ದೂರ ಸರಿಸಿ ಇನ್ನೊಂದು ಚಿತ್ರ. ಮತ್ತೆ ಸರಿಸಿ ಮತ್ತೊಂದು. ಹೀಗೆ ನೂರಾರು ಚಿತ್ರಗಳನ್ನು ತೆಗೆದು, ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಕಂಪ್ಯೂಟರಿನಲ್ಲಿ ಪೇರಿಸಿದರೆ ಇಡೀ ಭ್ರೂಣದ ಮೂರು ಆಯಾಮದ ಬಿಂಬ ಸಿದ್ಧ! ಅದನ್ನು ಮಣ್ಣೆತ್ತಿನಂತೆ ತಿರುಗಿಸಿ ತಿರುಗಿಸಿ ನೋಡಬಹುದು.

ಇದರಲ್ಲಿ ಇನ್ನೊಂದು ಅನುಕೂಲ ಅಡಗಿದೆ. ನನಗೆ ಬಹಳ ಇಷ್ಟವಾದದ್ದೂ ಅದೇ. ತೀಕ್ಷ್ಣ ಬೆಳಕು ಜೀವಕೋಶಗಳಿಗೆ ಒಳ್ಳೆಯದಲ್ಲ. ಏಪ್ರಿಲ್ ಬಿಸಿಲಿನಲ್ಲಿ ನಿಂತು ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ವಿಧಾನದಲ್ಲಿ 200 ಪದರಗಳ ಚಿತ್ರ ತೆಗೆಯಬೇಕಾದರೆ ಪ್ರತಿ ಸಲವೂ ಇಡೀ ಭ್ರೂಣದ ಮೂಲಕ ಬೆಳಕು ಹಾಯುತ್ತದೆ. ಒಂದೊಂದು ಕೋಶವೂ 200 ಸಲ ಬೆಳಕು ಉಣ್ಣಬೇಕು. ಬೆಳಕಿನ ಹಾಳೆಯಲ್ಲಿ ಹಾಗಲ್ಲ. ಯಾವ ಪದರದ ಚಿತ್ರ ಬೇಕೋ ಅದರ ಮೇಲೆ ಮಾತ್ರ ಬೆಳಕು. ಆದ್ದರಿಂದ ಭ್ರೂಣ ದಿನಗಟ್ಟಲೆ ಬದುಕಿ, ಬೆಳೆಯುತ್ತಲೇ ಇರುತ್ತದೆ. ನೋಡುವುದಕ್ಕಾಗಿ ಕೊಲ್ಲಬೇಕಾಗಿಲ್ಲ.

'ಕಾನ್‌ಫೋಕಲ್' ಎಂಬ ಇನ್ನೊಂದು ಬಗೆಯ ಸೂಕ್ಷ್ಮದರ್ಶಕವೂ ಇದೆ. ಅಮೆರಿಕದ ಮಾರ್ವಿನ್ ಮಿನ್ಸ್ಕಿ 1957ರಲ್ಲಿ ಅದಕ್ಕೆ ಪೇಟೆಂಟ್ ಕೇಳಿ ಅರ್ಜಿ ಹಾಕಿದರು. ಸೂಜಿರಂಧ್ರದ ಮೂಲಕ ಬೇಕಾದ ಬೆಳಕನ್ನು ಮಾತ್ರ ಒಳಗೆ ಬಿಟ್ಟು, ಮಸುಕು ಬೆಳಕನ್ನು ತಡೆಯುವುದು ಅದರ ಉಪಾಯ. ಈಗ ಬಹಳಷ್ಟು ಪ್ರಯೋಗಾಲಯಗಳಲ್ಲಿ ಇರುವುದು ಅದೇ.

ಭ್ರೂಣದೊಳಗಿನ ಕೋಶಗಳು ಮಿನುಗಬೇಕಲ್ಲ, ಅದಕ್ಕೇನು ಮಾಡುತ್ತಾರೆ? ಸಮುದ್ರದ ಒಂದು ಜೆಲ್ಲಿ ಮೀನಿನಲ್ಲಿ ಹಸಿರು ಬೆಳಕು ಬೀರುವ ಪ್ರೋಟೀನು ಇದೆ. ಜಪಾನಿನ ಒಸಾಮು ಶಿಮೊಮುರಾ ಅವರು ಅದನ್ನು ಬೇರ್ಪಡಿಸಿದ ವಿಷಯ 1962ರಲ್ಲಿ ಪ್ರಕಟವಾಯಿತು. 1994ರಲ್ಲಿ ಮಾರ್ಟಿನ್ ಚಾಲ್ಫಿ ಅದನ್ನು ಒಂದು ಹುಳುವಿನ ಕೋಶಗಳಲ್ಲಿ ಬೆಳಗಿಸಿ ತೋರಿಸಿದರು. ಇವರಿಬ್ಬರಿಗೂ ರೋಜರ್ ಚಿಯೆನ್ ಅವರಿಗೂ 2008ರಲ್ಲಿ ನೊಬೆಲ್ ಬಹುಮಾನ ಬಂತು. ಕೋಶಗಳಿಗೆ ಒಳಗೇ ದೀಪ ಹಚ್ಚಿಟ್ಟ ಹಾಗೆ ಆಯಿತು.

ಆಡನ್ನೋ ಆಕಳನ್ನೋ ಹೀಗೆ ನೋಡಬಹುದೇ ಎಂದು ನೀವು ಕೇಳಬಹುದು. ಆಗದು. ರಾತ್ರಿ ಬ್ಯಾಟರಿಯನ್ನು ಅಂಗೈಗೆ ಒತ್ತಿ ಹಿಡಿದು ನೋಡಿ. ಕೈ ಕೆಂಪಗೆ ಕಾಣುತ್ತದೆಯೇ ಹೊರತು ಒಳಗಿನದು ಬಿಡಿಬಿಡಿಯಾಗಿ ಕಾಣುವುದಿಲ್ಲ. ಬೆಳಕು ಒಳಗೆ ಹೋಗಿ ಚೆದುರಿಬಿಡುತ್ತದೆ, ಹಾಲು ಬೆರೆಸಿದ ನೀರಿನಲ್ಲಿ ಚೆದುರಿದ ಹಾಗೆ. ಆದ್ದರಿಂದಲೇ ಪುಟ್ಟ, ಪಾರದರ್ಶಕ ಜೀವಿಗಳೇ ಬೇಕು.

ಪಟ್ಟೆಮೀನು ಮತ್ತು ಹಣ್ಣಿನ ನೊಣ

ಅಂಥ ಜೀವಿಗಳಲ್ಲಿ ಒಂದು ನಮ್ಮ ದೇಶದ್ದೇ. ಜೀಬ್ರಾ ಮೀನು ಎಂಬ, ಮೈಮೇಲೆ ನೀಲಿ ಪಟ್ಟೆಗಳಿರುವ, ಬೆರಳಿಗಿಂತ ಚಿಕ್ಕ ಮೀನು ಭಾರತದ ಹಳ್ಳ, ಗದ್ದೆಗಳ ನೀರಿನಲ್ಲಿ ಬದುಕುತ್ತದೆ. ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂಬವರು 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕದಲ್ಲಿ ಇದನ್ನು ಮೊದಲು ವರ್ಣಿಸಿದರು. ಇದರ ಮೊಟ್ಟೆ ತಾಯಿಯ ಹೊಟ್ಟೆಯ ಹೊರಗೆ ಬೆಳೆಯುತ್ತದೆ, ಗಾಜಿನಂತೆ ತಿಳಿಯಾಗಿರುತ್ತದೆ. ಒಂದು ದಿನ ತುಂಬುವ ಹೊತ್ತಿಗೆ ಹೃದಯ ಬಡಿಯಲು ಆರಂಭಿಸುತ್ತದೆ. ಎರಡು ಮೂರು ದಿನಕ್ಕೆ ಮರಿ ಹೊರಗೆ ಬರುತ್ತದೆ. 2008ರಲ್ಲಿ ಫಿಲಿಪ್ ಕೆಲ್ಲರ್ ಮತ್ತು ಸಂಗಡಿಗರು ಬೆಳಕಿನ ಹಾಳೆಯ ಸೂಕ್ಷ್ಮದರ್ಶಕದಿಂದ ಈ ಮೀನಿನ ಭ್ರೂಣದ ಮೊದಲ 24 ಗಂಟೆಗಳನ್ನು ಹಿಂಬಾಲಿಸಿ, ಸಾವಿರಾರು ಕೋಶಗಳು ಎಲ್ಲಿಂದ ಎಲ್ಲಿಗೆ ಹೋದವು ಎಂದು ತೋರಿಸಿದರು. ಜಾತ್ರೆಗೆ ಬಂದ ಜನರೆಲ್ಲ ಯಾವ ಊರಿನಿಂದ ಬಂದು ಯಾವ ಅಂಗಡಿಯ ಮುಂದೆ ನಿಂತರು ಎಂದು ಒಬ್ಬೊಬ್ಬರನ್ನೂ ಗುರುತು ಹಿಡಿದಂತೆ!

ಇನ್ನೊಂದು ಜೀವಿಯನ್ನು ಓಡಿಸಿ ಓಡಿಸಿ ನಿಮಗೆ ಬೇಸರ ಬಂದಿರುತ್ತದೆ. ಕಳಿತ ಬಾಳೆಹಣ್ಣು, ದಾಳಿಂಬೆಯ ಮೇಲೆ ಕೂಡುವ ಕೆಂಗಣ್ಣಿನ ಪುಟ್ಟ ನೊಣ. ಅದರ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ. ಮೊಟ್ಟೆ ಇಟ್ಟ ಸುಮಾರು 3 ಗಂಟೆಯಲ್ಲಿ ಅದರೊಳಗೆ ಸುಮಾರು 6,000 ಕೋಶಗಳು ರೂಪುಗೊಂಡಿರುತ್ತವೆ. ಒಂದು ದಿನದಲ್ಲಿ ಮರಿಹುಳು ಹೊರಬರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದ ಒಬೈದ್ ಸಿದ್ದಿಕಿಯವರು (1932-2013) ಈ ನೊಣ ವಾಸನೆಯನ್ನು, ರುಚಿಯನ್ನು ಹೇಗೆ ತಿಳಿಯುತ್ತದೆ ಎಂದು ಹುಡುಕುತ್ತ ಬಹಳ ವರ್ಷ ಕಳೆದರು. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ಆ ಸಂಸ್ಥೆಯಲ್ಲಿ ಈಗಲೂ ನೊಣ, ಹುಳು, ಜೀಬ್ರಾ ಮೀನಿನ ಮರಿಗಳ ಒಳಗನ್ನು ಕಾನ್‌ಫೋಕಲ್ ಮೊದಲಾದ ಸೂಕ್ಷ್ಮದರ್ಶಕಗಳಲ್ಲಿ ನೋಡುತ್ತಾರೆ.

ಇವೆಲ್ಲ ದೊಡ್ಡ ಯಂತ್ರಗಳ ಮಾತಾಯಿತು. ಯಂತ್ರಕ್ಕಿಂತ ನನಗೆ ಹೆಚ್ಚು ಗೌರವ ಇರುವುದು ಒಬ್ಬ ಮನುಷ್ಯನ ಮೇಲೆ. ಇಂಗ್ಲೆಂಡಿನ ಜಾನ್ ಸಲ್‌ಸ್ಟನ್. ಮಣ್ಣಿನಲ್ಲಿ, ಕೊಳೆತ ಹಣ್ಣಿನಲ್ಲಿ ಇರುವ 1 ಮಿಲಿಮೀಟರ್ ಉದ್ದದ ಪಾರದರ್ಶಕ ಹುಳುವೊಂದಿದೆ. ಅದರ ಮೊಟ್ಟೆಯ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಪೂರ್ಣ ಹುಳು ಆಗುವವರೆಗೆ ಪ್ರತಿ ಕೋಶದ ವಂಶಾವಳಿ ಬರೆಯಬೇಕೆಂದು ಅವರು ಹಟ ಹಿಡಿದರು. ಆಗ ಬೆಳಕಿನ ಹಾಳೆಯ ಯಂತ್ರ ಇರಲಿಲ್ಲ. ದಿನಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ಗಂಟೆಯಂತೆ, ಸುಮಾರು ಒಂದೂವರೆ ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತರು. ತಿರುಪು ತಿರುಗಿಸುತ್ತ ಮೇಲಿನ ಪದರ, ಒಳಗಿನ ಪದರ ಎಂದು ಇಳಿದು, ಹತ್ತಿ, ಕಂಡದ್ದನ್ನು ಕೈಯಿಂದಲೇ ಕಾಗದದ ಮೇಲೆ ಬರೆದುಕೊಂಡರು. ಈ ಹುಳುವಿನಲ್ಲಿ ಹುಟ್ಟುವ ದೇಹಕೋಶಗಳು 1,090, ಅವುಗಳಲ್ಲಿ 131 ತಾವಾಗಿ ಸಾಯುತ್ತವೆ, ಉಳಿಯುವುದು 959. ಮೊಟ್ಟೆಯೊಳಗಿನ ವಂಶಾವಳಿ 1983ರಲ್ಲಿ ಪ್ರಕಟವಾಯಿತು, 2002ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಹುಳುವನ್ನು ಹೆರೆದು ನೋಡಿದ್ದರೆ ಆ 131 ಕೋಶಗಳು ಹುಟ್ಟಿ ಸತ್ತದ್ದನ್ನು ಹೀಗೆ ಹಿಂಬಾಲಿಸಲು ಆಗುತ್ತಿತ್ತೇ?

ಮುಳ್ಳು ಮತ್ತು ನಾರುಹುಣ್ಣು

ಇಂಡಿಯ ಕಡೆಯ ಮಕ್ಕಳಿಗೆ ಲಿಂಬೆಗಿಡದ ಮುಳ್ಳು ಚುಚ್ಚುವುದು ಹೊಸದಲ್ಲ. ಚುಚ್ಚಿದ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ, ಕೆಲವೊಮ್ಮೆ ಕೀವು ಆಗುತ್ತದೆ. ಯಾಕೆ? 1882ರಲ್ಲಿ ಇಟಲಿಯ ಸಮುದ್ರ ತೀರದ ಮೆಸ್ಸೀನಾ ಊರಿನಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬವರು ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದರು. ಅವು ನೀರಿನಷ್ಟೇ ತಿಳಿ. ಒಂದು ದಿನ ಅವರು ಗುಲಾಬಿಯ ಸಣ್ಣ ಮುಳ್ಳನ್ನು ಒಂದು ಮರಿಯ ಚರ್ಮದೊಳಗೆ ಚುಚ್ಚಿಟ್ಟರು. ಮರುದಿನ ನೋಡಿದರೆ ದೇಹದೊಳಗೆ ಓಡಾಡುವ ಕೋಶಗಳು ಮುಳ್ಳಿನ ಸುತ್ತ ಬಂದು ಮುತ್ತಿಕೊಂಡಿದ್ದವು! ಆಮೇಲೆ ಅವರು ನೀರುಚಿಗಟದ ಪಾರದರ್ಶಕ ದೇಹದಲ್ಲೂ ಇದನ್ನೇ ಕಂಡರು. ಒಳಗೆ ಹೊಕ್ಕ ರೋಗಾಣುಗಳನ್ನು ಅದರ ರಕ್ತದ ಕೋಶಗಳು ನುಂಗುತ್ತಿದ್ದವು. ನಮ್ಮ ಮೈಯ ಬಿಳಿ ರಕ್ತಕಣಗಳು ಕಾವಲುಗಾರರು ಎಂಬ ತಿಳಿವಳಿಕೆ ಹೀಗೆ ಬೆಳೆಯಿತು. 1908ರಲ್ಲಿ ಅವರಿಗೂ ನೊಬೆಲ್ ಬಂತು.

ಇನ್ನೊಂದು ಕಥೆ ನಮಗೆ ಇನ್ನೂ ಹತ್ತಿರದ್ದು. ನಿಮ್ಮ ಅಜ್ಜ, ಅಜ್ಜಿಯರನ್ನು 'ನಾರುಹುಣ್ಣು' ಎಂದರೆ ಏನು ಎಂದು ಕೇಳಿ. ಕಾಲಿನ ಮೇಲೆ ಬೊಕ್ಕೆ ಎದ್ದು, ಒಡೆದು, ಅದರೊಳಗಿಂದ ದಾರದಂಥ ಉದ್ದನೆಯ ಹುಳು ನಿಧಾನವಾಗಿ ಹೊರಬರುತ್ತಿತ್ತು. ಮೀಟರ್ ಉದ್ದದವರೆಗೂ ಇರುತ್ತಿತ್ತು. ವಾರಗಟ್ಟಲೆ ನೋವು. ಹೊಲಕ್ಕೆ ಹೋಗುವಂತಿಲ್ಲ, ಶಾಲೆಗೆ ಹೋಗುವಂತಿಲ್ಲ. ಕರ್ನಾಟಕವೂ ಸೇರಿ ನಮ್ಮ ದೇಶದ ಹಲವು ರಾಜ್ಯಗಳಲ್ಲಿ, ಮೆಟ್ಟಿಲ ಬಾವಿಗಳ ನೀರು ಕುಡಿಯುವ ಊರುಗಳಲ್ಲಿ ಈ ರೋಗ ಇತ್ತು. ಇದು ಎಲ್ಲಿಂದ ಬರುತ್ತದೆ ಎಂದು ಬಹಳ ಕಾಲ ಯಾರಿಗೂ ತಿಳಿದಿರಲಿಲ್ಲ.

1870ರ ಹೊತ್ತಿಗೆ ರಷ್ಯದ ಅಲೆಕ್ಸಿ ಫೆಡ್‌ಚೆಂಕೊ ಎಂಬ ತರುಣ ವಿಜ್ಞಾನಿ ಇದರ ಸುಳಿವು ಹಿಡಿದರು. ಹುಳುವಿನ ಮರಿಗಳು ಕೊಳದ ನೀರಿನ 'ಸೈಕ್ಲಾಪ್ಸ್' ಎಂಬ ಪುಟ್ಟ ಜೀವಿಯ ಒಡಲಿನೊಳಗೆ ಸೇರಿಕೊಂಡಿರುವುದು ಅವರಿಗೆ ಕಂಡಿತು. ಸೈಕ್ಲಾಪ್ಸ್ 1-2 ಮಿಲಿಮೀಟರ್ ಉದ್ದ, ತಲೆಯ ನಡುವೆ ಒಂದೇ ಕಣ್ಣು. ಮೈ ಪಾರದರ್ಶಕವಾದ್ದರಿಂದ ಒಳಗಿನ ಮರಿ ಹೊರಗೆ ಕಾಣುತ್ತದೆ. ನೀರಿನೊಂದಿಗೆ ಸೈಕ್ಲಾಪ್ಸನ್ನು ನಾವು ಕುಡಿದುಬಿಟ್ಟರೆ, ಸುಮಾರು ಒಂದು ವರ್ಷದ ನಂತರ ಕಾಲಿನಲ್ಲಿ ಹುಳು ಹೊರಬರುತ್ತದೆ.

ರೋಗದ ದಾರಿ ತಿಳಿದ ಮೇಲೆ ಅದನ್ನು ಮುಚ್ಚುವ ದಾರಿಯೂ ತಿಳಿಯಿತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರೆ ಸಾಕು, ಸೈಕ್ಲಾಪ್ಸ್ ಬಟ್ಟೆಯಲ್ಲೇ ಉಳಿಯುತ್ತದೆ. ಹುಣ್ಣು ಇರುವವರು ಬಾವಿಯ ನೀರಿಗೆ ಕಾಲಿಡಬಾರದು. ಕೊಳವೆಬಾವಿಗಳು ಬಂದವು, ಮೆಟ್ಟಿಲ ಬಾವಿಗಳಿಗೆ ಔಷಧ ಹಾಕಿದರು. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ನಾರುಹುಣ್ಣಿನಿಂದ ಮುಕ್ತ ಎಂದು ಸಾರಿತು. ಇದಕ್ಕೆ ಲಸಿಕೆ ಇರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. ಒಂದು ಹನಿ ನೀರಿನೊಳಗೆ ಏನು ಓಡಾಡುತ್ತಿದೆ ಎಂದು ಸರಿಯಾಗಿ ನೋಡಿದ್ದರಿಂದ ಈ ಕೆಲಸ ಆರಂಭವಾಯಿತು.

ಕಪಾಟಿನ ಬೀಗ

"ಬೆಂಗಳೂರಿನಲ್ಲಿ ಎಲ್ಲ ಇದೆ, ನಮ್ಮ ಹತ್ತಿರ ಏನಿದೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೋಟಿ ರೂಪಾಯಿ ಮೀರುವ ಸೂಕ್ಷ್ಮದರ್ಶಕಗಳೂ ಇವೆ, ಅವು ನಿಮ್ಮೂರಿಗೆ ಬರುವುದಿಲ್ಲ. ಆದರೆ ಹಲವು ಶಾಲೆಗಳ ಕಪಾಟಿನಲ್ಲಿ ಒಂದು ಸಾಧಾರಣ ಸೂಕ್ಷ್ಮದರ್ಶಕ ಇರುತ್ತದೆ. ಅದಕ್ಕೆ ಬೀಗ ಇರುತ್ತದೆ. ಬೀಗದ ಕೈ ಎಲ್ಲಿದೆ ಎಂದು ಕೇಳಿದರೆ ಹುಡುಕಬೇಕಾಗುತ್ತದೆ. "ಮಕ್ಕಳು ಒಡೆದುಬಿಟ್ಟರೆ ಯಾರು ಉತ್ತರ ಕೊಡುವುದು?" ಎನ್ನುವ ಶಿಕ್ಷಕರನ್ನು ನಾನು ಕಂಡಿದ್ದೇನೆ. ದಾಖಲೆ ಪುಸ್ತಕದಲ್ಲಿ ಬರೆದ ವಸ್ತು ಒಡೆದರೆ ಕೇಳುವವರು ಇರುತ್ತಾರೆ. ಅದನ್ನು ಒಂದು ದಿನವೂ ಹೊರಗೆ ತೆಗೆಯದಿದ್ದರೆ ಯಾರೂ ಕೇಳುವುದಿಲ್ಲ! ತಪ್ಪು ಇರುವುದು ಈ ಏರ್ಪಾಡಿನಲ್ಲಿ, ಶಿಕ್ಷಕರಲ್ಲಿ ಅಲ್ಲ. ಕಪಾಟಿನೊಳಗೇ ಇದ್ದರೂ ಮಸೂರಕ್ಕೆ ಧೂಳು ಹಿಡಿಯುತ್ತದೆ, ಬೂಷ್ಟು ಬರುತ್ತದೆ. ಬಳಸಿ ಹಾಳಾದ ಸೂಕ್ಷ್ಮದರ್ಶಕವನ್ನು ದಾಖಲೆಯಿಂದ ಸುಲಭವಾಗಿ ತೆಗೆದುಹಾಕುವ ಅವಕಾಶ ಶಿಕ್ಷಕರಿಗೆ ಇರಬೇಕು. ಸೂಕ್ಷ್ಮದರ್ಶಕ ಇಲ್ಲದ ಶಾಲೆಗಳಿಗೆ ಸಮೂಹ ಸಂಪನ್ಮೂಲ ಕೇಂದ್ರದಿಂದ ಒಂದು ಸೂಕ್ಷ್ಮದರ್ಶಕ ವಾರಕ್ಕೊಂದು ಶಾಲೆಯಂತೆ ಸುತ್ತಿ ಬರಬೇಕು. ಇದಕ್ಕೆ ದೊಡ್ಡ ಹಣವೇನೂ ಬೇಡ.

ಕಾಗದದ ಸೂಕ್ಷ್ಮದರ್ಶಕವೂ ಇದೆ. ಮೀರತ್‌ನಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಓದಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ಮನು ಪ್ರಕಾಶ್ ಅವರ ತಂಡ 2014ರಲ್ಲಿ 'ಫೋಲ್ಡ್‌ಸ್ಕೋಪ್' ಎಂಬುದನ್ನು ಜಗತ್ತಿಗೆ ತೋರಿಸಿತು. ದಪ್ಪ ಕಾಗದವನ್ನು ಮಡಚಿ, ಒಂದು ಪುಟ್ಟ ಗೋಲಿ ಮಸೂರ ಸೇರಿಸಿದರೆ ಆಯಿತು. 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ನಮ್ಮ ದೇಶದ ಶಾಲೆ ಕಾಲೇಜುಗಳಲ್ಲಿ ಇದನ್ನು ಹರಡಲು ಯೋಜನೆ ನಡೆಸಿತು. ಲೀವೆನ್‌ಹಾಕ್ ಬಳಸಿದ್ದೂ ಒಂದೇ ಮಸೂರವನ್ನು ಎಂಬುದು ನೆನಪಿರಲಿ.

ಅದೂ ಇಲ್ಲವೇ? ಒಂದು ತಿಳಿ ಗಾಜಿನ ಬಾಟಲಿ ಹುಡುಕಿ. ಮನೆಯ ಹಿಂದಿನ ಹಳೆಯ ತೊಟ್ಟಿಯಿಂದ ನೀರು ತುಂಬಿಸಿ. ಕಾಲುವೆ, ಬಾವಿ, ಆಲಮಟ್ಟಿಯ ಹಿನ್ನೀರು, ಭೀಮಾ ನದಿಯ ದಡಕ್ಕೆ ಒಬ್ಬರೇ ಹೋಗಬೇಡಿ, ದೊಡ್ಡವರ ಜೊತೆ ಹೋಗಿ. ಬಾಟಲಿಯ ಒಂದು ಪಕ್ಕದಿಂದ ಬ್ಯಾಟರಿ ಬೆಳಕು ಬಿಡಿ, ನೀವು ಇನ್ನೊಂದು ಪಕ್ಕದಿಂದ ನೋಡಿ. ಬ್ಯಾಟರಿಯ ಮುಂದೆ ರಟ್ಟಿನಲ್ಲಿ ಕತ್ತರಿಸಿದ ಒಂದು ಸೀಳು ಇಟ್ಟರೆ ನಿಮ್ಮದೇ ಬೆಳಕಿನ ಹಾಳೆ ಆಯಿತು, ಸ್ವಲ್ಪ ದಪ್ಪನೆಯದು ಅಷ್ಟೆ. ಸೊಳ್ಳೆಯ ಮರಿಹುಳುಗಳು ಸಿಗುತ್ತವೆ. ಅವು ನೀರಿನ ಮೇಲ್ಮೈಗೆ ಓರೆಯಾಗಿ ತೂಗುತ್ತಿವೆಯೋ, ಸಮನಾಗಿ ಮಲಗಿವೆಯೋ ನೋಡಿ. ಮಲೇರಿಯ ಹರಡುವ ಅನಾಫಿಲಿಸ್ ಸೊಳ್ಳೆಯ ಮರಿ ಮಲಗಿರುತ್ತದೆ, ಕ್ಯೂಲೆಕ್ಸ್ ಮರಿ ತಲೆ ಕೆಳಗಾಗಿ ಓರೆಯಾಗಿ ತೂಗುತ್ತದೆ. ಮೇಲಿನಿಂದ ಮಾತ್ರ ನೋಡಿದವರಿಗೆ ಈ ವ್ಯತ್ಯಾಸ ಸುಲಭವಾಗಿ ಗೊತ್ತಾಗದು. ನೋಡಿ ಮುಗಿದ ಮೇಲೆ ಆ ನೀರನ್ನು ಮತ್ತೆ ತೊಟ್ಟಿಗೆ ಸುರಿಯಬೇಡಿ, ಒಣ ನೆಲದ ಮೇಲೆ ಚೆಲ್ಲಿಬಿಡಿ. ಯಾವ ಮಸೂರದಿಂದಲೂ ಸೂರ್ಯನನ್ನು ನೋಡಬಾರದು ಎಂಬುದನ್ನು ನಿಮ್ಮ ಶಿಕ್ಷಕರು ಹೇಳಿಯೇ ಇರುತ್ತಾರೆ, ನಾನೂ ಹೇಳುತ್ತೇನೆ.

ಕಂಡದ್ದನ್ನು ಎರಡು ಸಲ ಬರೆಯಿರಿ. ಮೇಲಿನಿಂದ ಕಂಡಂತೆ ಒಂದು ಚಿತ್ರ, ಪಕ್ಕದಿಂದ ಕಂಡಂತೆ ಇನ್ನೊಂದು. ಪುಸ್ತಕ ತೆರೆಯಬೇಡಿ. ಪುಸ್ತಕದ ಚಿತ್ರಕ್ಕಿಂತ ನಿಮ್ಮದು ಸೊಟ್ಟಗಿದ್ದರೆ ಇರಲಿ. ಆಮೇಲೆ ಎರಡೂ ಚಿತ್ರಗಳನ್ನು ಮುಂದಿಟ್ಟುಕೊಂಡು ಮಣ್ಣಿನಲ್ಲಿ ಆ ಜೀವಿಯನ್ನು ಮಾಡಿ.

ಅದೃಷ್ಟವಿದ್ದರೆ ನಿಮ್ಮ ಬಾಟಲಿಯಲ್ಲಿ ಕುಪ್ಪಳಿಸುತ್ತ ಈಜುವ ನೀರುಚಿಗಟವೂ ಸಿಗುತ್ತದೆ. ಅದನ್ನು ಒಂದು ಹನಿ ನೀರಿನ ಸಮೇತ ಗಾಜಿನ ಪಟ್ಟಿಯ ಮೇಲಿಟ್ಟು, ಮೇಲೆ ಮುಚ್ಚುಗಾಜು ಒತ್ತದೆ, ತಿರುಪನ್ನು ನಿಧಾನವಾಗಿ ತಿರುಗಿಸುತ್ತ ನೋಡಿ. ಒಂದು ಕಡೆ ಏನೋ ಪಟಪಟನೆ ಬಡಿದುಕೊಳ್ಳುತ್ತಿರುವುದು ಕಾಣುತ್ತದೆ. ಅದು ಹೃದಯ. ಅದು ಹೊಟ್ಟೆಯ ಕಡೆ ಇದೆಯೋ, ಬೆನ್ನಿನ ಕಡೆ ಇದೆಯೋ? ಉತ್ತರವನ್ನು ನಾನು ಇಲ್ಲಿ ಬರೆಯುವುದಿಲ್ಲ. ನೋಡಿದ ಮೇಲೆ ನೀರುಚಿಗಟವನ್ನು ಅದರ ನೀರಿಗೆ ವಾಪಸು ಬಿಡಿ.